ಬಳ್ಳಾರಿಯ ಸಣ್ಣ ಯೂನಿಟ್‌ಗೆ ಪ್ರೈವೇಟ್ ಲಿಮಿಟೆಡ್ ಬೇಕಾ? ಸಹಿ ಹಾಕುವ ಮೊದಲು ಓದಿ

ವ್ಯಾಪಾರ ಮುಳುಗಿದರೆ ಮನೆ ಉಳಿಯುತ್ತಾ? ಕಂಪನಿ ಮಾಡಿಸಬೇಕು ಅಂತ ಆಡಿಟರ್ ಹತ್ತಿರ ಓಡಾಡುವ ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ ಪ್ರಶ್ನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಫ್ಯಾಬ್ರಿಕೇಶನ್ ಮಾಡಿಕೊಡುವವರು, ಸಿರುಗುಪ್ಪದ ಅಕ್ಕಿ ಗಿರಣಿಯವರು, ಎಲ್ಲರಿಗೂ ಯಾರೋ ಒಬ್ಬರು ಹೇಳಿರುತ್ತಾರೆ: "ಪ್ರೈವೇಟ್ ಲಿಮಿಟೆಡ್ ಮಾಡಿಸಿಬಿಡು, ಎಷ್ಟೇ ಸಾಲ ಆದ್ರೂ ನಿನ್ನ ಮನೆ ಮುಟ್ಟೋಕೆ ಆಗಲ್ಲ." ಈ ಮಾತು ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ಸಹಿ ಹಾಕಿದವರೇ ಆಮೇಲೆ ಒದ್ದಾಡುವುದು. ಹಾಗಾಗಿ ಫಾರಂ, ಫೀಸು ಆಮೇಲೆ. ಯಾವ ಸಾಲ ಮನೆ ಬಾಗಿಲಿಗೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದನ್ನು ಮೊದಲು ನೋಡೋಣ.

ಯೂನಿಟ್ ನಿಮ್ಮೊಬ್ಬರ ಹೆಸರಲ್ಲೇ ಇದ್ದರೆ, ಕಾನೂನಿನ ಕಣ್ಣಿಗೆ ನೀವೂ ಯೂನಿಟ್ಟೂ ಒಂದೇ. ಬೇರೆ ಹೆಸರಿಟ್ಟು ಬೋರ್ಡ್ ಹಾಕಿದ್ದೀರಿ, ಜಿಎಸ್‌ಟಿ ನಂಬರ್ ಇದೆ, ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ ಉದ್ಯಮ್ ಸರ್ಟಿಫಿಕೇಟ್ ಇದೆ, ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದೆ. ಎಲ್ಲವೂ ಬೇಕಾದ ಕಾಗದಗಳೇ. ಆದರೆ ಇವು ಯಾವುವೂ ನಿಮ್ಮನ್ನು ನಿಮ್ಮ ವ್ಯಾಪಾರದಿಂದ ಬೇರೆ ಮಾಡುವುದಿಲ್ಲ. ಬಟ್ಟೆ ಕೊಟ್ಟವನಿಗೆ 12 ಲಕ್ಷ ಬಾಕಿ ಉಳಿದರೆ ಅವನು ಕೋರ್ಟಿಗೆ ಹೋಗಿ ನಿಮ್ಮ ಸೈಟು, ನಿಮ್ಮ ಮನೆ, ನಿಮ್ಮ ಬ್ಯಾಂಕ್ ಖಾತೆ ಎಲ್ಲದರ ಮೇಲೂ ಕೈ ಹಾಕಬಹುದು.

ಪಾಲುದಾರಿಕೆ ಇನ್ನೂ ಸೂಕ್ಷ್ಮ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಫರ್ಮಿನ ಸಾಲಕ್ಕೆ ಎಲ್ಲ ಪಾಲುದಾರರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಅಂದರೆ ನಿಮ್ಮ ಪಾಲು ಕಾಲುಭಾಗವೇ ಆಗಿರಲಿ, ಸಾಲ ಕೊಟ್ಟವನು ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ನಾಲ್ಕು ಜನ ಸೇರಿ ಗಿರಣಿ ಹಾಕಿ, ಮೂವರ ಹೆಸರಲ್ಲಿ ಏನೂ ಇಲ್ಲದೆ ಒಬ್ಬನ ಹೆಸರಲ್ಲಿ ಮಾತ್ರ ನೀರಾವರಿ ಜಮೀನು ಇದ್ದರೆ ಎಲ್ಲರ ಕಣ್ಣೂ ಆ ಜಮೀನಿನ ಮೇಲೇ ಬೀಳುತ್ತದೆ. ಅವನು ಆಮೇಲೆ ಉಳಿದ ಮೂವರ ಹಿಂದೆ ತಿರುಗಬೇಕು.

ಕಂಪನಿ ಇಲ್ಲಿ ಬೇರೆಯಾಗುತ್ತದೆ. 2013ರ ಕಂಪನಿ ಕಾಯ್ದೆಯಲ್ಲಿ ನೋಂದಣಿಯಾದ ದಿನದಿಂದ ಕಂಪನಿಯೇ ಒಬ್ಬ ಬೇರೆ ವ್ಯಕ್ತಿ. ಅದಕ್ಕೆ ಅದರದ್ದೇ ಪ್ಯಾನ್, ಅದರದ್ದೇ ಆಸ್ತಿ, ಅದರದ್ದೇ ಸಾಲ. ನೀವು ಷೇರುದಾರರು. ಷೇರಿಗೆ ಕೊಡಬೇಕಾದ ಹಣ ಕೊಟ್ಟಾದ ಮೇಲೆ ಕಂಪನಿಯ ಸಾಲಕ್ಕೆ ಷೇರುದಾರರಾಗಿ ನೀವು ಹೊಣೆಯಲ್ಲ. ಈ ತತ್ವ ಗಟ್ಟಿಯಾಗಿದ್ದು ಲಂಡನ್ನಿನ ಒಬ್ಬ ಬೂಟು ತಯಾರಕನ ಕೇಸಿನಲ್ಲಿ. ಸಾಲೊಮನ್ ಅನ್ನುವವನು 1892ರಲ್ಲಿ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. 20,007 ಷೇರುಗಳಲ್ಲಿ 20,001 ಅವನವೇ, ಉಳಿದ ಆರು ಹೆಂಡತಿ ಮಕ್ಕಳವು. ಕಂಪನಿ ಬೇಗ ಮುಳುಗಿತು. ಇದೆಲ್ಲ ಅವನದ್ದೇ ವ್ಯಾಪಾರ, ಅವನೇ ಸಾಲ ಕಟ್ಟಬೇಕು ಅಂತ ವಾದ ಬಂತು. 1896ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ಕಂಪನಿ ಬೇರೆ, ಸಾಲೊಮನ್ ಬೇರೆ ಅಂತ ತೀರ್ಪು ಕೊಟ್ಟಿತು. ನಮ್ಮ ಕೋರ್ಟುಗಳೂ ಇವತ್ತಿಗೂ ಇದೇ ತತ್ವದ ಮೇಲೆ ನಡೆಯುತ್ತವೆ.

ಹಾಗಾದರೆ ಕಂಪನಿ ಅನ್ನುವುದು ವ್ಯಾಪಾರಕ್ಕೂ ಮನೆಗೂ ನಡುವಿನ ಒಂದು ಗೋಡೆ. ಈಗ ಆ ಗೋಡೆ ಎಲ್ಲೆಲ್ಲಿ ತೆರೆದಿದೆ ಅಂತ ನೋಡಿ. ಜನ ಹೇಳದೆ ಬಿಡುವ ಭಾಗ ಇದೇ.

ಮೊದಲನೆಯದು ಬ್ಯಾಂಕು. ಹೊಸ ಕಂಪನಿಗೆ ಓಡಿ, ಅಂದರೆ ಓವರ್‌ಡ್ರಾಫ್ಟ್ ಬೇಕು, ಮಷೀನ್ ಲೋನ್ ಬೇಕು ಅಂದರೆ ಬ್ಯಾಂಕಿನವರು ಸಾಮಾನ್ಯವಾಗಿ ಡೈರೆಕ್ಟರ್‌ಗಳ ವೈಯಕ್ತಿಕ ಜಾಮೀನು ಕೇಳುತ್ತಾರೆ. ಕಾಗದಗಳ ಕಟ್ಟಿನಲ್ಲಿ ಅದೂ ಒಂದಿರುತ್ತದೆ, ಹತ್ತು ಕಡೆ ಸಹಿ ಹಾಕುವಾಗ ಅಲ್ಲೂ ಹಾಕಿಬಿಡುತ್ತೇವೆ. ಆ ಒಂದು ಸಹಿಯಿಂದ ಆ ಸಾಲದ ಮಟ್ಟಿಗೆ ಗೋಡೆ ಹೋಯಿತು. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಅಲ್ಲಿ ಸಾಲ ಇತ್ಯರ್ಥವಾದರೂ ಜಾಮೀನುದಾರನ ಹೊಣೆ ತಾನಾಗಿ ಮುಗಿಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯನ್ನೇ ಅಡ ಇಟ್ಟಿದ್ದರಂತೂ ಕಂಪನಿ ಇದ್ದೂ ಆ ಸಾಲಕ್ಕೆ ಉಪಯೋಗವಿಲ್ಲ. ಅದಕ್ಕೇ ಅಡಮಾನ ಇಲ್ಲದೆ ಸಾಲ ಸಿಗುವ ದಾರಿಯನ್ನು ಮೊದಲು ಕೇಳಿ. ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕ್ ಆದ ಸಿಡ್ಬಿ 2000ರಲ್ಲಿ ಸೇರಿ ಮಾಡಿದ ಸಿಜಿಟಿಎಂಎಸ್‌ಇ ಅನ್ನುವ ಟ್ರಸ್ಟ್ ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಗ್ಯಾರಂಟಿ ಕೊಡುತ್ತದೆ. 2025ರ ಏಪ್ರಿಲ್‌ನಿಂದ ಇದರ ಮಿತಿ 10 ಕೋಟಿ. ಆದರೆ ಒಂದು ಮಾತು. ಟ್ರಸ್ಟ್ ಬ್ಯಾಂಕಿಗೆ ದುಡ್ಡು ಕೊಟ್ಟಿತು ಅಂತ ನಿಮ್ಮ ಸಾಲ ಮನ್ನಾ ಆಗುವುದಿಲ್ಲ. ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ.

ಎರಡನೆಯದು ತೆರಿಗೆ. ಪ್ರೈವೇಟ್ ಕಂಪನಿಯಿಂದ ಜಿಎಸ್‌ಟಿ ಬಾಕಿ ವಸೂಲಾಗದಿದ್ದರೆ ಜಿಎಸ್‌ಟಿ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಆ ಅವಧಿಯಲ್ಲಿ ಡೈರೆಕ್ಟರ್ ಆಗಿದ್ದ ಪ್ರತಿಯೊಬ್ಬರೂ ಹೊಣೆ. ತನ್ನ ಕಡೆಯಿಂದ ದೊಡ್ಡ ನಿರ್ಲಕ್ಷ್ಯವಾಗಲಿ ತಪ್ಪಾಗಲಿ ಆಗಿಲ್ಲ ಅಂತ ಡೈರೆಕ್ಟರೇ ಸಾಬೀತು ಮಾಡಬೇಕು. ಆದಾಯ ತೆರಿಗೆಯಲ್ಲೂ ಇಂಥದ್ದೇ ನಿಯಮ ಇದೆ.

ಮೂರನೆಯದು ಚೆಕ್. ಕಂಪನಿ ಚೆಕ್ ಬೌನ್ಸ್ ಆದರೆ ಕಂಪನಿಯ ಮೇಲೂ ಕೇಸು, ವ್ಯವಹಾರ ನೋಡಿಕೊಳ್ಳುತ್ತಿದ್ದ ಡೈರೆಕ್ಟರ್ ಮೇಲೂ ಕೇಸು. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ನಮ್ಮ ಕಡೆ ವ್ಯಾಪಾರದಲ್ಲಿ ಭದ್ರತೆಗೆ ಅಂತ ಖಾಲಿ ಚೆಕ್ ಕೊಡುವ ರೂಢಿ ಇದೆಯಲ್ಲ, ಕಂಪನಿ ಮಾಡಿದ ಮೇಲೂ ಅದನ್ನು ಮುಂದುವರಿಸಿದರೆ ಕಂಪನಿ ಮಾಡಿ ಏನು ಬಂತು? ಇನ್ನು ಕೆಲಸಗಾರರ ಸಂಬಳದಿಂದ ಪಿಎಫ್ ಹಿಡಿದು ಕಟ್ಟದಿದ್ದರೆ ಅದು ಬರೀ ಬಾಕಿ ಅಲ್ಲ, ನಂಬಿಕೆ ದ್ರೋಹದ ಕ್ರಿಮಿನಲ್ ಕೇಸು. ಅದು ಆಗಬೇಕಾದ್ದೇ, ಅದು ಅವರ ದುಡ್ಡು. ಮೋಸ ಮಾಡಲೆಂದೇ ಕಂಪನಿ ನಡೆಸಿದರೆ, ಕಂಪನಿ ಹಣ ಮತ್ತು ಮನೆ ಹಣವನ್ನು ಕಲೆಸಿಬಿಟ್ಟರೆ, ಕೋರ್ಟೇ ಗೋಡೆಯನ್ನು ಪಕ್ಕಕ್ಕೆ ಸರಿಸಬಹುದು.

ಹಾಗಾದರೆ ಉಳಿದದ್ದೇನು? ಬಹಳಷ್ಟು ಉಳಿಯುತ್ತದೆ. ಬಟ್ಟೆ, ಜಿಪ್, ದಾರ ಉದ್ರಿ ಕೊಟ್ಟವರ ಬಾಕಿ. ಮಾಲು ಸರಿಯಿಲ್ಲ ಅಂತ ದೊಡ್ಡ ಖರೀದಿದಾರ ಕೇಳುವ ನಷ್ಟ ಪರಿಹಾರ. ಕರಾರು ಮುರಿದ ದಂಡ. ಶೆಡ್ಡಿನ ಬಾಡಿಗೆ. ನೀವು ವೈಯಕ್ತಿಕವಾಗಿ ಬರೆದುಕೊಡದೆ ಇದ್ದರೆ ಇವೆಲ್ಲ ಕಂಪನಿಯ ಮಟ್ಟದಲ್ಲೇ ನಿಲ್ಲುತ್ತವೆ. ಅದಕ್ಕೇ ನನ್ನ ಸಲಹೆ ಇಷ್ಟು: ಆಡಿಟರ್ ಹತ್ತಿರ ಹೋಗುವ ಮುಂಚೆ ಒಂದು ಹಾಳೆ ತಗೊಂಡು ನಿಮ್ಮ ಕೊಡಬೇಕಾದ ಬಾಕಿಗಳನ್ನೆಲ್ಲ ಬರೆಯಿರಿ. ಮುಕ್ಕಾಲು ಪಾಲು ಬ್ಯಾಂಕ್ ಸಾಲವೇ ಆಗಿದ್ದು ಮನೆ ಅಡ ಇದ್ದರೆ, ಸದ್ಯಕ್ಕೆ ಕಂಪನಿಯಿಂದ ನಿಮಗೆ ಆಗುವ ರಕ್ಷಣೆ ಕಡಿಮೆ. ಬ್ಯಾಂಕ್ ಸಾಲ ಕಡಿಮೆ, ಉದ್ರಿ ವ್ಯವಹಾರ ಮತ್ತು ದೊಡ್ಡ ಆರ್ಡರ್‌ಗಳ ಕರಾರು ಜಾಸ್ತಿ ಅಂದರೆ ಕಂಪನಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಇದು ಕೊಡಬೇಕಾದ ದುಡ್ಡಿನ ಮಾತು. ಬರಬೇಕಾದ ದುಡ್ಡಿಗೆ ಕಾಪಾಡುವುದು ಬೇರೆಯೇ ಕಾಯ್ದೆ. ನೀವು ತಯಾರಕರಾಗಿದ್ದು ಉದ್ಯಮ್ ನೋಂದಣಿ ಇದ್ದರೆ, ಖರೀದಿದಾರ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕೆ ಕಂಪನಿಯೇ ಆಗಬೇಕಿಲ್ಲ. ಉದ್ಯಮ್ ನೋಂದಣಿಗೆ ಒಂದು ರೂಪಾಯಿ ಸರ್ಕಾರಿ ಫೀಸೂ ಇಲ್ಲ.

ಯಾವ ರೂಪ ಆರಿಸಬೇಕು

ಮೂರು ದಾರಿ ಇವೆ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರ್‌ಗಳು ಬೇಕು, ಆ ಇಬ್ಬರೇ ಎರಡೂ ಆಗಬಹುದು. ಒಬ್ಬರೇ ಇದ್ದರೆ ಒನ್ ಪರ್ಸನ್ ಕಂಪನಿ, ಅಂದರೆ ಓಪಿಸಿ. ಮೂರನೆಯದು 2008ರ ಕಾಯ್ದೆಯ ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್, ಅಂದರೆ ಎಲ್‌ಎಲ್‌ಪಿ. ಇದು ಪಾಲುದಾರಿಕೆಯ ಸಲೀಸುತನಕ್ಕೆ ಸೀಮಿತ ಹೊಣೆ ಸೇರಿಸಿದ ರೂಪ, ಇದಕ್ಕೂ ಇಬ್ಬರು ಬೇಕು. ಕನಿಷ್ಠ ಒಂದು ಲಕ್ಷ ಬಂಡವಾಳ ಇರಬೇಕು ಅನ್ನುವ ಹಳೆಯ ನಿಯಮವನ್ನು 2015ರಲ್ಲೇ ತೆಗೆದಿದ್ದಾರೆ. ಈಗಲೂ ಆ ಲಕ್ಷ ತೋರಿಸಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲೊಂದು ವಿಷಯ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ಇಬ್ಬರು ಬೇಕು ಅಂದ ಕೂಡಲೇ "ಸುಮ್ನೆ ಹೆಂಡತಿ ಹೆಸರು ಹಾಕ್ರಿ, ಲೆಕ್ಕಕ್ಕೆ" ಅನ್ನುತ್ತಾರೆ. ಆಕೆಗೆ ಏನೂ ವಿವರಿಸದೆ ಆಧಾರ್, ಪ್ಯಾನ್ ಇಸಿದುಕೊಂಡು, ಒಟಿಪಿ ಕೇಳಿ ಹಾಕಿಬಿಡುತ್ತಾರೆ. ಡೈರೆಕ್ಟರ್ ಅನ್ನುವುದು ಲೆಕ್ಕಕ್ಕೆ ಇರುವ ಹೆಸರಲ್ಲ. ಮೇಲೆ ಹೇಳಿದ ಜಿಎಸ್‌ಟಿ ಹೊಣೆ ಆಕೆಯ ಮೇಲೂ ಬರುತ್ತದೆ. ಬ್ಯಾಂಕ್ ಆಕೆಯ ಜಾಮೀನೂ ಕೇಳುತ್ತದೆ. ಮೂರು ವರ್ಷ ಸತತವಾಗಿ ಕಂಪನಿ ಲೆಕ್ಕ ಸಲ್ಲಿಸದಿದ್ದರೆ ಆಕೆಯೂ ಐದು ವರ್ಷ ಡೈರೆಕ್ಟರ್ ಆಗಲು ಅನರ್ಹಳು. ತವರಿನ ಆಸ್ತಿ ಆಕೆಯ ಹೆಸರಲ್ಲಿ ಇದ್ದರೆ ಅದೂ ಅಪಾಯಕ್ಕೆ ಬಂತು. ಆಕೆ ನಿಜವಾಗಲೂ ವ್ಯಾಪಾರ ನೋಡಿಕೊಳ್ಳುವುದಾದರೆ ಹಕ್ಕಿನಿಂದ ಡೈರೆಕ್ಟರ್ ಆಗಲಿ, ಲೆಕ್ಕ ಕೇಳಲಿ, ಷೇರು ಪಡೆಯಲಿ. ಇಲ್ಲವಾದರೆ ಓಪಿಸಿ ಮಾಡಿ. ಅಲ್ಲಿ ಎರಡನೆಯವರು ಬರೀ ನಾಮಿನಿ. ನೀವು ತೀರಿಕೊಂಡರೆ ಅಥವಾ ವ್ಯವಹರಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮಾತ್ರ ಕಂಪನಿ ಅವರಿಗೆ ಹೋಗುತ್ತದೆ, ಅಲ್ಲಿಯವರೆಗೆ ಅವರಿಗೆ ಯಾವ ಹೊಣೆಯೂ ಇಲ್ಲ. ಓಪಿಸಿಯ ವಹಿವಾಟು 2 ಕೋಟಿ ದಾಟಿದರೆ ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡಲೇಬೇಕು ಅನ್ನುವ ನಿಯಮವೂ 2021ರ ಏಪ್ರಿಲ್‌ನಲ್ಲಿ ಹೋಯಿತು.

ಇಬ್ಬರು ಅಣ್ಣತಮ್ಮಂದಿರೋ ಗೆಳೆಯರೋ ಸೇರುವುದಾದರೆ 50-50 ಷೇರು ಇಡುವುದು ನ್ಯಾಯ ಅಂತ ಕಾಣುತ್ತದೆ. ಜಗಳವಾದ ದಿನ ಇಬ್ಬರೂ ಒಬ್ಬರನ್ನೊಬ್ಬರು ತಡೆದು ನಿಲ್ಲಿಸಬಹುದು, ಕಂಪನಿ ಅಲ್ಲೇ ನಿಲ್ಲುತ್ತದೆ. ಒಬ್ಬರು ಹೊರಗೆ ಹೋಗಬೇಕಾದರೆ ಷೇರಿಗೆ ಬೆಲೆ ಹೇಗೆ ಕಟ್ಟುವುದು ಅಂತ ಸಂಬಂಧ ಚೆನ್ನಾಗಿರುವಾಗಲೇ ಬರೆದಿಡಿ.

ತೆರಿಗೆ ಲೆಕ್ಕ ಮಾಡದೆ ಹೋಗಬೇಡಿ. ನಿಮ್ಮ ಹೆಸರಲ್ಲೇ ವ್ಯಾಪಾರ ಇದ್ದು ವರ್ಷಕ್ಕೆ 10 ಲಕ್ಷ ಲಾಭ ಬಂದರೆ, ಬೇರೆ ಆದಾಯ ಇಲ್ಲದಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ, ಯಾಕೆಂದರೆ 12 ಲಕ್ಷದವರೆಗೆ ರಿಯಾಯಿತಿ ಇದೆ. ಅದೇ 10 ಲಕ್ಷ ಕಂಪನಿಯ ಲಾಭವಾಗಿ ಉಳಿದರೆ, 22% ದರಕ್ಕೆ ಸರ್ಚಾರ್ಜ್, ಸೆಸ್ ಸೇರಿ 2,51,680 ರೂಪಾಯಿ ಹೋಗುತ್ತದೆ. ಉಳಿದದ್ದನ್ನು ಡಿವಿಡೆಂಡ್ ಅಂತ ತಗೊಂಡರೆ ಅದು ನಿಮ್ಮ ಆದಾಯಕ್ಕೂ ಸೇರುತ್ತದೆ. ಡೈರೆಕ್ಟರ್ ಆಗಿ ಮಾಡಿದ ಕೆಲಸಕ್ಕೆ ಸರಿಯಾದ ಸಂಬಳ ತಗೊಂಡರೆ ಅದು ಕಂಪನಿಯ ಖರ್ಚಾಗಿ ಹೋಗಿ ಈ ಭಾರ ಇಳಿಯುತ್ತದೆ. ಎಲ್‌ಎಲ್‌ಪಿಗೆ ದರ 30%, ಸೆಸ್ ಸೇರಿ 31.2%, ಆದರೆ ತೆರಿಗೆ ಕಟ್ಟಿದ ಮೇಲೆ ಪಾಲುದಾರರಿಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಇನ್ನೊಂದು ನಷ್ಟ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ 8% ಅಥವಾ ಬ್ಯಾಂಕ್ ಮೂಲಕ ಬಂದದ್ದಕ್ಕೆ 6% ಲಾಭ ತೋರಿಸಿ ಲೆಕ್ಕ ಮುಗಿಸುವ ಸೌಲಭ್ಯ ಇದೆಯಲ್ಲ, ಅದು ಕಂಪನಿಗೂ ಇಲ್ಲ, ಎಲ್‌ಎಲ್‌ಪಿಗೂ ಇಲ್ಲ.

ನೋಂದಣಿ ಹೇಗೆ ನಡೆಯುತ್ತದೆ

ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಎಲ್ಲವೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲೇ ಆಗುತ್ತದೆ. ಅರ್ಜಿಯನ್ನು ನೋಡುವವರು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರ ನೋಂದಣಿ ಕಚೇರಿಯವರು. ಮೊದಲು ಡೈರೆಕ್ಟರ್‌ಗಳಿಗೆ ಡಿಜಿಟಲ್ ಸಹಿ ಮಾಡಿಸಬೇಕು. ಆಮೇಲೆ ಸ್ಪೈಸ್ ಪ್ಲಸ್ ಅನ್ನುವ ಫಾರಂ. ಅದರ ಮೊದಲ ಭಾಗದಲ್ಲಿ ಹೆಸರು, ಫೀಸು 1,000 ರೂಪಾಯಿ. ಎರಡು ಹೆಸರು ಕೊಡಬಹುದು, ಒಪ್ಪಿಗೆಯಾದ ಹೆಸರು 20 ದಿನ ನಿಮಗಾಗಿ ಕಾದಿರುತ್ತದೆ. ಬೇರೆ ಕಂಪನಿಯ ಹೆಸರಿಗೋ ಟ್ರೇಡ್‌ಮಾರ್ಕಿಗೋ ಹತ್ತಿರ ಇದ್ದರೆ ವಾಪಸ್ ಬರುತ್ತದೆ. ಕಂಪನಿ ಹೆಸರು ಸಿಕ್ಕಿತು ಅಂದರೆ ಬ್ರ್ಯಾಂಡ್ ನಿಮ್ಮದಾಯಿತು ಅಂತಲೂ ಅಲ್ಲ. ಪ್ಯಾಂಟಿನ ಮೇಲಿನ ಲೇಬಲ್ ಕಾಪಾಡಬೇಕಾದರೆ ಬಟ್ಟೆಯ 25ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಬೇರೆಯಾಗಿ ಮಾಡಿಸಬೇಕು.

ಎರಡನೇ ಭಾಗದಲ್ಲಿ ಕಂಪನಿ ನೋಂದಣಿಯ ಜೊತೆಗೇ ಪ್ಯಾನ್, ಟಿಡಿಎಸ್ ಹಿಡಿದು ಕಟ್ಟಲು ಬೇಕಾದ ಟ್ಯಾನ್ ನಂಬರ್, ಪಿಎಫ್, ಇಎಸ್‌ಐ, ಕರ್ನಾಟಕದ ವೃತ್ತಿ ತೆರಿಗೆ, ಬ್ಯಾಂಕ್ ಖಾತೆ, ಬೇಕಾದರೆ ಜಿಎಸ್‌ಟಿ ಎಲ್ಲ ಬರುತ್ತವೆ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ, 15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಫೀಸು ಸೊನ್ನೆ, ರಾಜ್ಯದ ಸ್ಟಾಂಪ್ ಡ್ಯೂಟಿ ಮಾತ್ರ ಬೇರೆ. ಆದ್ದರಿಂದ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಸರ್ಕಾರಕ್ಕೆ ಎಷ್ಟು, ನಿಮಗೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ.

ಅಡ್ಡಿ ಬರುವುದು ಸಾಮಾನ್ಯವಾಗಿ ಸಣ್ಣ ವಿಷಯಗಳಲ್ಲೇ. ಆಧಾರ್‌ನಲ್ಲಿ ಇನಿಶಿಯಲ್ ಮಾತ್ರ, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಊರ ಹೆಸರೂ ಸೇರಿದೆ. ಇದನ್ನು ಮೊದಲು ಸರಿಮಾಡಿಸಿ. ಆಫೀಸು ಮನೆಯಲ್ಲೇ ಇರಬಹುದು. ಎರಡು ತಿಂಗಳೊಳಗಿನ ಜೆಸ್ಕಾಂ ಬಿಲ್ಲು ಮತ್ತು ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಸಾಕು. ಬಾಗಿಲಿಗೆ ಕಂಪನಿಯ ಹೆಸರು, ವಿಳಾಸದ ಬೋರ್ಡ್ ಹಾಕಲೇಬೇಕು, ಅದು ಸ್ಥಳೀಯ ಭಾಷೆಯ ಅಕ್ಷರಗಳಲ್ಲೂ ಇರಬೇಕು ಅಂತ ಕಂಪನಿ ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ಬಳ್ಳಾರಿಯಲ್ಲಿ ಕನ್ನಡ ಬೋರ್ಡ್ ಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಸರ್ಟಿಫಿಕೇಟ್ ಬಂತು ಅಂತ ಕೂಡಲೇ ವ್ಯಾಪಾರ ಶುರು ಮಾಡುವಂತಿಲ್ಲ. ಷೇರಿನ ಹಣವನ್ನು ಕಂಪನಿ ಖಾತೆಗೆ ಹಾಕಿ, 180 ದಿನದೊಳಗೆ ಐಎನ್‌ಸಿ-20ಎ ಅನ್ನುವ ಘೋಷಣೆ ಸಲ್ಲಿಸಬೇಕು. ಮರೆತರೆ ಕಂಪನಿಗೆ 50,000 ದಂಡ, ಜೊತೆಗೆ ಡೈರೆಕ್ಟರ್‌ಗಳಿಗೆ ದಿನಕ್ಕೆ 1,000 ರಂತೆ ಒಂದು ಲಕ್ಷದವರೆಗೆ. ಮೊದಲ 30 ದಿನದಲ್ಲಿ ಬೋರ್ಡ್ ಸಭೆ ನಡೆಸಿ ಆಡಿಟರ್ ನೇಮಿಸಬೇಕು.

ಪ್ರತಿ ವರ್ಷದ ಖರ್ಚು

ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಸಿಎ ಹತ್ತಿರ ಆಡಿಟ್ ಆಗಲೇಬೇಕು. ಲೆಕ್ಕಪತ್ರಕ್ಕೆ ಎಒಸಿ-4, ವಾರ್ಷಿಕ ವರದಿಗೆ ಸಣ್ಣ ಕಂಪನಿಗಳಾದರೆ ಎಂಜಿಟಿ-7ಎ. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಇದಕ್ಕೆ ಮೇಲ್ಮಿತಿ ಇಲ್ಲ. ಎರಡೂ ಫಾರಂ ಒಂದು ವರ್ಷ ತಡವಾದರೆ 73,000 ರೂಪಾಯಿ, ಅದೂ ಬರೀ ಲೇಟ್ ಫೀ. "ವ್ಯಾಪಾರ ನಿಂತು ಹೋಯ್ತಲ್ಲ, ಇನ್ನೇನು ಫೈಲ್ ಮಾಡೋದು" ಅಂತ ಬಿಟ್ಟವರಿಗೇ ಇದು ದೊಡ್ಡ ಪೆಟ್ಟು. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ ಲೆಕ್ಕ ಕೊಡದ ಎರಡು ಲಕ್ಷಕ್ಕೂ ಜಾಸ್ತಿ ಕಂಪನಿಗಳನ್ನು ಪಟ್ಟಿಯಿಂದ ತೆಗೆಯಿತು, ಲಕ್ಷಾಂತರ ಡೈರೆಕ್ಟರ್‌ಗಳು ಅನರ್ಹರಾದರು. ನಡೆಸಲಾಗದಿದ್ದರೆ ಬಾಕಿ ತೀರಿಸಿ ಎಸ್‌ಟಿಕೆ-2 ಫಾರಂ ಹಾಕಿ ಮುಚ್ಚುವುದೇ ಲೇಸು, ಅದರ ಫೀಸು 10,000.

ಎಲ್‌ಎಲ್‌ಪಿ ಇಲ್ಲಿ ಹಗುರ. ವಹಿವಾಟು 40 ಲಕ್ಷ ದಾಟದೆ, ಬಂಡವಾಳ 25 ಲಕ್ಷ ದಾಟದೆ ಇದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಕಿಲ್ಲ. ಮೇ 30ಕ್ಕೆ ಒಂದು ಫಾರಂ, ಅಕ್ಟೋಬರ್ 30ಕ್ಕೆ ಒಂದು ಫಾರಂ, ಅಷ್ಟೇ. ಹೊರಗಿನ ಹೂಡಿಕೆದಾರರು ಬರುವುದಿಲ್ಲ, ಇಬ್ಬರು ಮೂವರು ಸೇರಿ ಜಾಬ್ ವರ್ಕ್ ಮಾಡುವುದು ಅಂದರೆ ನಾನು ಎಲ್‌ಎಲ್‌ಪಿ ಕಡೆಗೇ ಕೈ ತೋರಿಸುತ್ತೇನೆ. ದೊಡ್ಡ ಕಾರ್ಖಾನೆಯ ಕಾಂಟ್ರ್ಯಾಕ್ಟ್ ಬೇಕು, ನಾಳೆ ಹೊರಗಿನಿಂದ ಬಂಡವಾಳ ತರಬೇಕು ಅನ್ನುವವರಿಗೆ ಪ್ರೈವೇಟ್ ಲಿಮಿಟೆಡ್.

ನಮ್ಮ ಭಾಗದವರು ಎಡವುವ ಇನ್ನೊಂದು ಜಾಗ ಕೈಸಾಲ. ಹತ್ತಿ ಸೀಸನ್ನಿಗೋ ದೀಪಾವಳಿ ಆರ್ಡರಿಗೋ ಗೆಳೆಯರ ಹತ್ತಿರ, ದಲ್ಲಾಳಿ ಅಂಗಡಿಯ ಪರಿಚಯದವರ ಹತ್ತಿರ ಬಡ್ಡಿಗೆ ದುಡ್ಡು ತರುವುದು ಇಲ್ಲಿ ಮಾಮೂಲು. ಕಂಪನಿ ಹಾಗೆ ತರುವಂತಿಲ್ಲ. ಡೈರೆಕ್ಟರ್ ತನ್ನ ಸ್ವಂತ ಹಣದಿಂದ, ಅಥವಾ ಡೈರೆಕ್ಟರ್‌ನ ಹತ್ತಿರದ ಸಂಬಂಧಿ ತನ್ನ ಹಣದಿಂದ, ಇದು ಸಾಲ ಮಾಡಿ ತಂದ ದುಡ್ಡಲ್ಲ ಅಂತ ಬರೆದುಕೊಟ್ಟು ಕಂಪನಿಗೆ ಸಾಲ ಕೊಡಬಹುದು. ಗೆಳೆಯರಿಂದ, ಪರಿಚಯದವರಿಂದ ತಗೊಂಡರೆ ಅದು ಕಾನೂನಿನಲ್ಲಿ ಠೇವಣಿ ಆಗುತ್ತದೆ, ಅದಕ್ಕೆ ದಂಡ ಭಾರಿ, ಹೊಣೆಗಾರರಿಗೆ ಜೈಲೂ ಇದೆ. ಇನ್ನು ಕಂಪನಿ ಇರಲಿ ಬಿಡಲಿ, 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಕೊನೆಯದಾಗಿ, ಈಗಾಗಲೇ ನಡೆಯುತ್ತಿರುವ ಯೂನಿಟ್ಟನ್ನು ಕಂಪನಿಗೆ ಸಾಗಿಸುವವರಿಗೆ. ಹಳೆಯ ಸಾಲ ಕಂಪನಿಗೆ ತಾನಾಗಿ ಹೋಗುವುದಿಲ್ಲ. ನಿಮ್ಮ ಹೆಸರಲ್ಲಿ ಮಾಡಿದ ಉದ್ರಿ, ಸಾಲ ಕೊಟ್ಟವರು ಬರಹದಲ್ಲಿ ಒಪ್ಪದ ಹೊರತು, ನಿಮ್ಮದೇ. ಜಿಎಸ್‌ಟಿ ನಂಬರ್ ಹೊಸದು ಬೇಕು, ಹಳೆಯದರಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯ ಜಮೆಯನ್ನು, ಐಟಿಸಿ-02 ಫಾರಂ ಮೂಲಕ ವರ್ಗಾಯಿಸಬೇಕು, ಹಳೆಯ ನಂಬರ್ ರದ್ದಾಗುವ ಮುಂಚೆಯೇ. ಶೆಡ್ಡಿನ ಬಾಡಿಗೆ ಕರಾರು, ಕರೆಂಟ್ ಮೀಟರ್, ಮಷೀನ್ ವಿಮೆ, ಖರೀದಿದಾರರ ಹತ್ತಿರದ ವೆಂಡರ್ ಕೋಡ್ ಎಲ್ಲವನ್ನೂ ಕಂಪನಿ ಹೆಸರಿಗೆ ಮಾಡಿಸಿ. ಬಿಲ್ಲು, ಆರ್ಡರ್, ಲೆಟರ್‌ಹೆಡ್ ಎಲ್ಲದರಲ್ಲೂ ಕಂಪನಿಯ ಪೂರ್ತಿ ಹೆಸರು ಮತ್ತು ಸಿಐಎನ್, ಅಂದರೆ ಕಂಪನಿಯ ಗುರುತಿನ ನಂಬರ್ ಇರಲಿ. ಸಹಿ ಹಾಕುವಾಗ ಕಂಪನಿಯ ಪರವಾಗಿ, ಡೈರೆಕ್ಟರ್ ಅಂತ ಬರೆದೇ ಹಾಕಿ. ಬರೀ ನಿಮ್ಮ ಹೆಸರು ಬರೆದು ಸಹಿ ಮಾಡಿದ ಆರ್ಡರ್ ಒಂದು ಕೋರ್ಟಿಗೆ ಹೋದರೆ, ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ಈ ಮಾಲು ತರಿಸಿದ್ದು ಕಂಪನಿಯಾ, ನೀವಾ ಅನ್ನುವುದು.